ಶ್ರೈನ್ ಬೌಲ್‌ಗೆ ಸೆಲೆಕ್ಟ್ ಆದರೆ ಸ್ಕಾಲರ್‌ಶಿಪ್ ಸಿಗುತ್ತಾ?

ಪ್ರಶ್ನೆ: ನಾವು ಅಮೆರಿಕದ ಶಾರ್ಲೆಟ್‌ಗೆ ಬಂದು ಎರಡು ವರ್ಷ ಆಯಿತು. ಪಕ್ಕದ ಮನೆ ಹುಡುಗ ಶ್ರೈನ್ ಬೌಲ್‌ಗೆ ಸೆಲೆಕ್ಟ್ ಆಗಿದ್ದಾನೆ ಅಂತ ನಮ್ಮ ಬೀದಿಯಲ್ಲಿ ಒಂದೇ ಸಂಭ್ರಮ. ನಮ್ಮ ಮಗನೂ ಹೈಸ್ಕೂಲಲ್ಲಿ ಫುಟ್‌ಬಾಲ್ ಆಡುತ್ತಾನೆ, ಈಗ ಹತ್ತನೇ ಕ್ಲಾಸು. ಇದಕ್ಕೆ ಸೆಲೆಕ್ಟ್ ಆದರೆ ಕಾಲೇಜು ಸೀಟು, ಸ್ಕಾಲರ್‌ಶಿಪ್ ಸಿಗುತ್ತಾ?

ಉತ್ತರ: ಇಲ್ಲ. ನಿಜ ಹೇಳಬೇಕೆಂದರೆ ಕಥೆ ಉಲ್ಟಾ. ಸ್ಕಾಲರ್‌ಶಿಪ್ ಆಗಲೇ ಗಿಟ್ಟಿಸಿಕೊಂಡ ಹುಡುಗರೇ ಈ ಆಟದಲ್ಲಿ ಜಾಸ್ತಿ.

ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು: ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದು, ಹೆಲ್ಮೆಟ್ ಹಾಕಿ, ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಫುಟ್‌ಬಾಲ್. ಸೀನಿಯರ್ ಅಂದರೆ ಹನ್ನೆರಡನೇ ಕ್ಲಾಸು, ನಮ್ಮ ಸೆಕೆಂಡ್ ಪಿಯುಸಿ. ಸ್ಕೂಲಿನ ಕೊನೇ ಸೀಸನ್ ಮುಗಿಸಿದ ಹುಡುಗರಲ್ಲಿ ಒಳ್ಳೆಯವರನ್ನು ಆರಿಸಿ ಆಡಿಸುವ ಆಟವೇ ಆಲ್-ಸ್ಟಾರ್ ಗೇಮ್. ಇಂಥವು ಅಮೆರಿಕದಲ್ಲಿ ಬೇಕಾದಷ್ಟಿವೆ. ನಿಮ್ಮ ಪಕ್ಕದ ಮನೆಯವನು ಆಡುತ್ತಿರುವುದು ಶ್ರೈನ್ ಬೌಲ್ ಆಫ್ ದ ಕೆರೊಲೈನಾಸ್. ಒಂದು ಕಡೆ ನಾರ್ತ್ ಕೆರೊಲೈನಾ, ಇನ್ನೊಂದು ಕಡೆ ಸೌತ್ ಕೆರೊಲೈನಾ. 1937ರಲ್ಲಿ ನಿಮ್ಮ ಶಾರ್ಲೆಟ್‌ನಲ್ಲೇ ಶುರುವಾಯಿತು.

ಈಗ ಸ್ಕಾಲರ್‌ಶಿಪ್ ವಿಷಯ. ಕಾಲೇಜು ಕೋಚ್‌ಗಳು ಹುಡುಗರನ್ನು ಗುರುತಿಸುವುದು ಹನ್ನೊಂದನೇ ಕ್ಲಾಸಿನ ಆಟ ನೋಡಿ, ಕೆಲವರನ್ನಂತೂ ಇನ್ನೂ ಮೊದಲೇ. ಹುಡುಗರು ತಮ್ಮ ಆಟದ ವಿಡಿಯೊ ತುಣುಕುಗಳನ್ನು ಹಡ್ಲ್ ಅನ್ನುವ ವೆಬ್‌ಸೈಟಿಗೆ ಹಾಕುತ್ತಾರೆ, ಬೇಸಿಗೆ ರಜೆಯಲ್ಲಿ ಕಾಲೇಜುಗಳ ಕ್ಯಾಂಪಿಗೆ ಹೋಗುತ್ತಾರೆ, ಆಫರ್ ಬರುವುದು ಅಲ್ಲಿಂದ. ಮೊದಲಾದರೆ ಕಾಲೇಜಿನ ಜೊತೆ ಒಪ್ಪಂದಕ್ಕೆ ಸಹಿ ಹಾಕೋಕೆ ಫೆಬ್ರವರಿ ತನಕ ಕಾಯಬೇಕಿತ್ತು. 2017ರಿಂದ ಡಿಸೆಂಬರಿನಲ್ಲೇ ಹಾಕಬಹುದು, 2024ರಲ್ಲಿ ಅದೂ ತಿಂಗಳ ಮೊದಲ ವಾರಕ್ಕೇ ಬಂತು. ಶ್ರೈನ್ ಬೌಲ್ ನಡೆಯುವುದು ಸಾಮಾನ್ಯವಾಗಿ ಕ್ರಿಸ್ಮಸ್ ಹತ್ತಿರ ಬಂದಾಗ. ಅಷ್ಟರಲ್ಲಿ ದೊಡ್ಡ ಕಾಲೇಜುಗಳ ಲಿಸ್ಟ್ ಹೆಚ್ಚುಕಡಿಮೆ ಭರ್ತಿ. ಸಿಇಟಿ ಸೀಟು ಅಲಾಟ್ ಆದ ಮೇಲೆ ಯಾರಾದರೂ ಕೋಚಿಂಗ್ ಸೆಂಟರಿನ ಟೆಸ್ಟ್ ಬರೆಯುತ್ತಾರಾ? ಇಲ್ಲಿ ಬರೆಯುತ್ತಾರೆ, ಖುಷಿಗೆ.

ಟಿವಿಯಲ್ಲಿ ಬರುವ ದೊಡ್ಡ ಆಲ್-ಸ್ಟಾರ್ ಆಟಗಳದ್ದು ಬೇರೆಯೇ ಗಮ್ಮತ್ತು. ಸ್ಯಾನ್ ಆಂಟೋನಿಯೋದ ಅಲಾಮೋಡೋಮ್‌ನಲ್ಲಿ ನಡೆಯುತ್ತಾ ಬಂದ ಆಲ್-ಅಮೆರಿಕನ್ ಬೌಲ್ ಇದೆ, 2008ರಲ್ಲಿ ಶುರುವಾದ ಅಂಡರ್ ಆರ್ಮರ್ ಆಟ ಇದೆ. ಯಾವ ಕಾಲೇಜಿಗೆ ಹೋಗುತ್ತೇನೆ ಅನ್ನುವುದನ್ನು ಕೆಲವು ಹುಡುಗರು ಅಲ್ಲಿ ಕ್ಯಾಮೆರಾ ಮುಂದೆಯೇ ಹೇಳುತ್ತಾರೆ. 2012ರ ಜನವರಿಯಲ್ಲಿ ಲ್ಯಾಂಡನ್ ಕಾಲಿನ್ಸ್ ಅನ್ನುವ ಲೂಸಿಯಾನಾದ ಹುಡುಗ ಹೀಗೇ ನೇರ ಪ್ರಸಾರದಲ್ಲಿ ಅಲಬಾಮಾ ಅಂದುಬಿಟ್ಟ. ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ತಮ್ಮದೇ ರಾಜ್ಯದ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ ಮೇಲೆ ಮನಸ್ಸು. ಆಕೆ ತಲೆ ಅಲ್ಲಾಡಿಸಿದ ರೀತಿ ನೋಡಬೇಕು ನೀವು. ಮಗ ಬಿಎಸ್ಸಿ ಸೇರುತ್ತೇನೆ ಅಂದಾಗ ಎಂಜಿನಿಯರಿಂಗ್ ಕನಸು ಕಂಡ ನಮ್ಮ ಅಮ್ಮಂದಿರ ಮುಖ ಹೇಗಿರುತ್ತದೋ ಥೇಟ್ ಹಾಗೇ. ಹುಡುಗ ಅಲಬಾಮಾಕ್ಕೇ ಹೋದ, ಮೊದಲ ವರ್ಷವೇ ಅವನ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು, 2015ರಲ್ಲಿ ವೃತ್ತಿಪರ ತಂಡ ನ್ಯೂಯಾರ್ಕ್ ಜೈಂಟ್ಸ್ ಅವನನ್ನು ಆರಿಸಿಕೊಂಡಿತು. ಇದರಲ್ಲಿ ಆಲ್-ಸ್ಟಾರ್ ಆಟ ಕೊಟ್ಟದ್ದು ಮೈಕು, ಕ್ಯಾಮೆರಾ ಅಷ್ಟೇ. ಆಫರ್ ಅವನ ಜೇಬಲ್ಲೇ ಇತ್ತು.

ಹಾಗಾದರೆ ಶ್ರೈನ್ ಬೌಲ್ ಯಾಕೆ ಅಂತೀರಾ? ಆಸ್ಪತ್ರೆಗೆ. ಕೆಂಪು ಟರ್ಕಿ ಟೋಪಿ ಹಾಕಿಕೊಂಡು ಮೆರವಣಿಗೆಗಳಲ್ಲಿ ಓಡಾಡುವ ಶ್ರೈನರ್ ಅನ್ನುವ ಸಂಘದವರನ್ನು ನೋಡಿರಬಹುದು. ಅವರು ನಡೆಸುವ ಮಕ್ಕಳ ಆಸ್ಪತ್ರೆಗಳಲ್ಲೊಂದು ಸೌತ್ ಕೆರೊಲೈನಾದ ಗ್ರೀನ್‌ವಿಲ್‌ನಲ್ಲಿದೆ, 1927ರದು. ಮೂಳೆ, ಕೀಲು, ಬೆನ್ನಿನ ತೊಂದರೆ ಇರುವ ಮಕ್ಕಳಿಗೆ, ಅಪ್ಪ ಅಮ್ಮನಿಗೆ ದುಡ್ಡು ಕಟ್ಟುವ ಶಕ್ತಿ ಇದೆಯೋ ಇಲ್ಲವೋ ನೋಡದೆ ಚಿಕಿತ್ಸೆ ಕೊಡುತ್ತಾರೆ. ಆಟ ಶುರುವಾದ ಕಾಲಕ್ಕೆ ಪೋಲಿಯೋ ಮನೆಮನೆಗೂ ಭಯ ಹುಟ್ಟಿಸಿದ್ದ ಕಾಯಿಲೆ. ಬಲವಾದ ಕಾಲು ಓಡಿದರೆ ಸೋತ ಕಾಲು ನಡೆದೀತು ಅನ್ನುವ ಅರ್ಥದ ಮಾತೊಂದು ಶ್ರೈನರ್ ಆಟಗಳ ಜೊತೆ ಅಂಟಿಕೊಂಡು ಬಂದದ್ದು ಹೀಗೆ. ಆಟಗಾರರೂ ಆಸ್ಪತ್ರೆಗೆ ಹೋಗಿ ಮಕ್ಕಳನ್ನು ಮಾತಾಡಿಸಿಕೊಂಡು ಬರುವ ಪದ್ಧತಿ ಇದೆ.

ಸೀಟೂ ಇಲ್ಲ, ದುಡ್ಡೂ ಇಲ್ಲ ಅಂದಮೇಲೆ ಬೀದಿಗೆಲ್ಲ ಇಷ್ಟು ಸಂಭ್ರಮ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಿಮ್ಮೂರಲ್ಲೇ ನಡೆದದ್ದನ್ನು ಹೇಳುತ್ತೇನೆ, ಕೇಳಿ. 1965ರಲ್ಲಿ ಜಿಮ್ಮಿ ಲೀ ಕರ್ಕ್‌ಪ್ಯಾಟ್ರಿಕ್ ಅನ್ನುವ ಕಪ್ಪು ಹುಡುಗ ಕರಿಯರ ಶಾಲೆ ಬಿಟ್ಟು ಬಿಳಿಯರೇ ಹೆಚ್ಚಿದ್ದ ಮೈಯರ್ಸ್ ಪಾರ್ಕ್ ಹೈಸ್ಕೂಲ್ ಸೇರಿದ. ಆ ಸೀಸನ್‌ನಲ್ಲಿ ಊರಿಗೇ ಅವನ ಆಟ ಗೊತ್ತು. ಶ್ರೈನ್ ಬೌಲ್ ಲಿಸ್ಟ್ ಬಂತು, ಅವನ ಹೆಸರೇ ಇಲ್ಲ. ಅಲ್ಲಿಯವರೆಗೆ ಆ ಆಟದಲ್ಲಿ ಒಬ್ಬನೇ ಒಬ್ಬ ಕಪ್ಪು ಹುಡುಗನೂ ಆಡಿರಲಿಲ್ಲ. ವಕೀಲ ಜೂಲಿಯಸ್ ಚೇಂಬರ್ಸ್ ಕೋರ್ಟಿಗೆ ಹೋದರು. ಕೋರ್ಟು ಆ ವರ್ಷದ ಆಟ ನಿಲ್ಲಿಸಲಿಲ್ಲ. ಅದಾಗಿ ಕೆಲವೇ ದಿನಕ್ಕೆ, ನವೆಂಬರ್ 22ರ ಬೆಳಗಿನ ಜಾವ, ಚೇಂಬರ್ಸ್ ಸೇರಿ ನಾಲ್ವರು ಕಪ್ಪು ಮುಖಂಡರ ಮನೆಗಳಿಗೆ ಬಾಂಬ್ ಬಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇವತ್ತಿನವರೆಗೂ ಒಬ್ಬರನ್ನೂ ಹಿಡಿದಿಲ್ಲ. ಮುಂದಿನ ವರ್ಷ, 1966ರಲ್ಲಿ, ಕಪ್ಪು ಹುಡುಗರು ಮೊದಲ ಸಲ ಶ್ರೈನ್ ಬೌಲ್ ಆಡಿದರು. ಕರ್ಕ್‌ಪ್ಯಾಟ್ರಿಕ್ ಅಷ್ಟರಲ್ಲಿ ಸ್ಕೂಲು ಮುಗಿಸಿದ್ದ. ಪರ್ಡ್ಯೂ ಯೂನಿವರ್ಸಿಟಿ ಸೇರಿದ. ಸೀಟು ಅವನಿಗೂ ಸಿಕ್ಕಿತ್ತು ನೋಡಿ! ಸಿಗದೇ ಹೋದದ್ದು ಆ ಒಂದು ಶನಿವಾರ.

ಮೈಯರ್ಸ್ ಪಾರ್ಕ್ ತಂಡದಲ್ಲಿ ಕರ್ಕ್‌ಪ್ಯಾಟ್ರಿಕ್ ಅನ್ನುವ ಅದೇ ಮನೆತನದ ಹೆಸರಿನ ಬಿಳಿ ಹುಡುಗನೊಬ್ಬನೂ ಇದ್ದ. ಒಬ್ಬನ ಪೂರ್ವಜರು ಇನ್ನೊಬ್ಬನ ಪೂರ್ವಜರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು ಅನ್ನುವುದು ಇಬ್ಬರಿಗೂ ಗೊತ್ತಾದದ್ದು ಹತ್ತಾರು ವರ್ಷ ಕಳೆದ ಮೇಲೆ.

ಸರಿ, ನಿಮ್ಮ ಮಗನ ವಿಷಯಕ್ಕೆ ಬರೋಣ. ಸೀನಿಯರ್ ಆಗುವ ತನಕ ಆಲ್-ಸ್ಟಾರ್ ಬಗ್ಗೆ ಯೋಚನೆಯೇ ಬೇಡ, ಇದಕ್ಕೆ ಅರ್ಜಿ ಹಾಕುವ ಪದ್ಧತಿಯೂ ಇಲ್ಲ. ಹುಡುಗರನ್ನು ನೋಡಿ ಆರಿಸುವುದು ಕೋಚ್‌ಗಳ ಕೆಲಸ. ಈಗ ಮುಖ್ಯ ಅಂಕ. ಹೌದು, ನಾವು ಕನ್ನಡದ ಅಪ್ಪ ಅಮ್ಮಂದಿರು ಕೇಳೋಕೆ ಕಾಯುತ್ತಿದ್ದ ಮಾತು! ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ, ಅದರ ಮೇಲಿನ ಹಂತವಾದ ಡಿವಿಷನ್ ಒಂದರ ಕಾಲೇಜಿನಲ್ಲಿ ಮೊದಲ ವರ್ಷವೇ ಆಡಬೇಕಾದರೆ ಹೈಸ್ಕೂಲಲ್ಲಿ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಮುಗಿಸಿರಬೇಕು, ಅದರಲ್ಲಿ 10 ಸೀನಿಯರ್ ವರ್ಷ ಶುರುವಾಗುವ ಮೊದಲೇ, ಮತ್ತು ಆ ಕೋರ್ಸ್‌ಗಳಲ್ಲಿ ಜಿಪಿಎ, ಅಂದರೆ ಸರಾಸರಿ ಅಂಕ, 4ಕ್ಕೆ ಕನಿಷ್ಠ 2.3 ಇರಬೇಕು. ಸ್ಕೂಲಿನ ಕೌನ್ಸೆಲರ್ ಹತ್ತಿರ ಈ ಲಿಸ್ಟ್ ಈಗಲೇ ಕೇಳಿ. ಹನ್ನೊಂದನೇ ಕ್ಲಾಸಿನ ಕೊನೆಗೆ ಕೇಳಿದರೆ ಲೇಟು.

ಇನ್ನೊಂದು ಎಚ್ಚರಿಕೆ. ನನ್ನ ಪರಿಚಯದವರೊಬ್ಬರ ಮಗನಿಗೆ "ಅಭಿನಂದನೆಗಳು, ನೀನು ಆಲ್-ಅಮೆರಿಕನ್ ಆಟಕ್ಕೆ ಆಯ್ಕೆಯಾಗಿದ್ದೀಯ" ಅಂತ ಇಮೇಲ್ ಬಂತು. ಹುಡುಗ ಕುಣಿದಾಡಿದ. ಅಮ್ಮ ಊರಿಗೆ ಫೋನ್ ಮಾಡಿ ಅಜ್ಜಿಗೂ ಹೇಳಿದ್ದಾಯಿತು. ಕೆಳಗೆ ಇಳಿಸಿ ನೋಡಿದರೆ ಫೀಸು, ಹೋಟೆಲ್ಲು, ಜೆರ್ಸಿ ಎಲ್ಲ ಸೇರಿ ಸಾವಿರ ಡಾಲರ್ ಮೇಲೆ! ಹುಡುಗ ಆ ವರ್ಷ ಬೆಂಚ್ ಮೇಲೇ ಜಾಸ್ತಿ ಕೂತಿದ್ದವನು, ಪಾಪ. ಇಂಥ ಪತ್ರ ಬಂದರೆ ಮಗನ ಕೋಚ್‌ಗೆ ತೋರಿಸಿ, ಒಂದೇ ನಿಮಿಷದಲ್ಲಿ ಹೇಳುತ್ತಾರೆ. ಹೌದು, ಕೈಗೆ ಇನ್ನೂ ಆಫರ್ ಬರದ ಸೀನಿಯರ್‌ಗೆ ಶ್ರೈನ್ ಬೌಲ್‌ನಂಥ ಕಡೆ ಚಿಕ್ಕ ಕಾಲೇಜಿನ ಕೋಚ್ ಕಣ್ಣಿಗೆ ಬೀಳುವ ಅವಕಾಶ ಸ್ವಲ್ಪ ಇದೆ. ಅದೂ ಆಟಕ್ಕಿಂತ ಜಾಸ್ತಿ, ಹಿಂದಿನ ಕೆಲವು ದಿನ ನಡೆಯುವ ಪ್ರಾಕ್ಟೀಸ್‌ನಲ್ಲಿ. ನಂಬಿಕೊಂಡು ಕೂರುವಷ್ಟಿಲ್ಲ.

ಪಕ್ಕದ ಮನೆಯವನ ಆಟ ನೋಡೋಕೆ ಮಾತ್ರ ಖಂಡಿತ ಹೋಗಿ, ಮಗನನ್ನೂ ಕರೆದುಕೊಂಡು. ಡಿಸೆಂಬರ್ ಅಲ್ವಾ, ಸ್ಟೇಡಿಯಂ ಬೆಂಚು ಐಸ್‌ನ ಹಾಗಿರುತ್ತದೆ, ಕೂರೋಕೆ ಒಂದು ದಪ್ಪ ಕಂಬಳಿ ಇರಲಿ.