ಒಡಂಬಡಿಕೆ: ಒಬ್ಬರೇ ಸಹಿ ಹಾಕಿದ ಕರಾರು

ಬೈಬಲ್ ಓದದವರೂ ‘ಹಳೆಯ ಒಡಂಬಡಿಕೆ’, ‘ಹೊಸ ಒಡಂಬಡಿಕೆ’ ಅನ್ನುವ ಹೆಸರುಗಳನ್ನು ಕೇಳಿರುತ್ತಾರೆ. ಒಡಂಬಡು ಅಂದರೆ ಒಪ್ಪು. ಹಾಗಾಗಿ ಪದ ಕಿವಿಗೆ ಬಿದ್ದ ಕೂಡಲೇ ಬಾಡಿಗೆ ಮನೆಯ ಅಗ್ರಿಮೆಂಟ್ ನೆನಪಾಗುತ್ತದೆ. ನೀನು ಇಷ್ಟು ಕೊಡು, ನಾನು ಇಷ್ಟು ಕೊಡುತ್ತೇನೆ, ಇಬ್ಬರೂ ಸಹಿ ಹಾಕೋಣ. ಆದರೆ ಬೈಬಲಿನ ಅಬ್ರಾಮನ (ಮುಂದೆ ಅಬ್ರಹಾಮ ಅನ್ನಿಸಿಕೊಂಡವನ) ಕಥೆ ಓದಿದರೆ ಈ ಲೆಕ್ಕ ತಪ್ಪುತ್ತದೆ.

ಒಡಂಬಡಿಕೆಗೆ ಹಳೆಯ ಒಡಂಬಡಿಕೆಯ ಮೂಲ ಭಾಷೆ ಹೀಬ್ರೂವಿನಲ್ಲಿ ‘ಬೆರೀತ್’ ಅನ್ನುತ್ತಾರೆ. ಅಲ್ಲಿ ಬೆರೀತನ್ನು ‘ಮಾಡುವುದಿಲ್ಲ’, ‘ಕಡಿಯುತ್ತಾರೆ’. ಸುಮ್ನೆ ಬಂದ ಮಾತಲ್ಲ ಇದು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯ ನೋಡಿ. ಅಬ್ರಾಮನಿಗೆ ವಯಸ್ಸಾಗಿದೆ, ಮಕ್ಕಳಿಲ್ಲ. ನಕ್ಷತ್ರಗಳಷ್ಟು ಸಂತಾನ ಕೊಡುತ್ತೇನೆ, ಈ ನಾಡನ್ನೂ ಕೊಡುತ್ತೇನೆ ಅನ್ನುತ್ತಾನೆ ದೇವರು. ‘ನಾಡು ನನ್ನದಾಗುತ್ತದೆ ಅಂತ ಹೇಗೆ ತಿಳಿಯಲಿ?’ ಅಂತ ಅಬ್ರಾಮ ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಯೇ, ಅಲ್ವಾ?

ದೇವರು ಹೇಳಿದಂತೆ ಅವನು ಮೂರು ವರ್ಷದ ಕಡಸು, ಮೇಕೆ, ಟಗರು ತರುತ್ತಾನೆ. ಒಂದೊಂದನ್ನೂ ಎರಡು ಹೋಳು ಮಾಡಿ ಎದುರುಬದುರು ಇಡುತ್ತಾನೆ. ಜೊತೆಗೆ ತಂದ ಎರಡು ಹಕ್ಕಿಗಳನ್ನು ಮಾತ್ರ ಕಡಿಯುವುದಿಲ್ಲ. ಮಾಂಸ ಕಂಡು ಹದ್ದುಗಳು ಎರಗುತ್ತವೆ. ಮುದುಕ ಅವನ್ನು ಓಡಿಸುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ.

ಹೋಳುಗಳ ನಡುವೆ ನಡೆಯುವುದು ಆ ಕಾಲದ ಒಂದು ಬಗೆಯ ಆಣೆ. ಮಾತು ತಪ್ಪಿದರೆ ನನಗೂ ಇದೇ ಗತಿಯಾಗಲಿ ಅಂತ. ಪ್ರವಾದಿ ಯೆರೆಮೀಯನ ಪುಸ್ತಕದ 34ನೇ ಅಧ್ಯಾಯದಲ್ಲಿ ಇದು ಬಿಡಿಸಿ ಹೇಳಿದಂತೆ ಇದೆ. ಕರುವಿನ ಹೋಳುಗಳ ನಡುವೆ ನಡೆದು ಗುಲಾಮರನ್ನು ಬಿಡುಗಡೆ ಮಾಡಿದವರು, ಆಮೇಲೆ ಅವರನ್ನೇ ಮತ್ತೆ ಹಿಡಿದು ತರುತ್ತಾರೆ. ನಿಮ್ಮನ್ನೂ ಆ ಕರುವಿನಂತೆ ಮಾಡುತ್ತೇನೆ ಅನ್ನುತ್ತಾನೆ ದೇವರು. ಆದರೆ ಅಬ್ರಾಮನ ಕಥೆಯಲ್ಲಿ ನಡೆದದ್ದು ಬೆಂಕಿ ಮಾತ್ರ, ಅಂದರೆ ದೇವರೊಬ್ಬನೇ. ಅಬ್ರಾಮನ ಪಾಲಿಗೆ ಬಂದ ಕೆಲಸ ಹದ್ದು ಓಡಿಸಿದ್ದು.

ಎಲ್ಲ ಒಡಂಬಡಿಕೆಗಳೂ ಹೀಗೇ ಇಲ್ಲ. ಸೀನಾಯಿ ಬೆಟ್ಟದ ಬುಡದಲ್ಲಿ ಅಬ್ರಾಮನ ಸಂತತಿಯಾದ ಇಸ್ರಾಯೇಲ್ ಜನರೂ ‘ಎಲ್ಲವನ್ನೂ ಮಾಡುತ್ತೇವೆ’ ಅಂತ ಮಾತು ಕೊಡುತ್ತಾರೆ. ಅವರ ನಾಯಕ ಮೋಶೆ ಬೆಟ್ಟದಿಂದ ಇಳಿಯುವಷ್ಟರಲ್ಲೇ ಪೂಜೆಗೆ ಚಿನ್ನದ ಕರು ಎರಕವಾಗಿರುತ್ತದೆ, ಆ ಮಾತು ಬೇರೆ. ಮುಂದೆ ಹೀಬ್ರೂ ಗ್ರಂಥವನ್ನು ಗ್ರೀಕಿಗೆ ತಂದ ಯೆಹೂದ್ಯರು ಬೆರೀತ್‌ಗೆ ‘ದಿಯಾಥೇಕೆ’ ಎಂಬ ಪದ ಆರಿಸಿಕೊಂಡರು. ಗ್ರೀಕ್ ಜನರ ದಿನಬಳಕೆಯಲ್ಲಿ ಅದಕ್ಕೆ ಉಯಿಲು ಅಂತ ಅರ್ಥ. ಇಂಗ್ಲಿಷಿನ ‘ಟೆಸ್ಟಮೆಂಟ್’ ಬಂದದ್ದೂ ಈ ದಾರಿಯಲ್ಲೇ. ನಮ್ಮ ‘ಒಡಂಬಡಿಕೆ’ ಸೀನಾಯಿಗೆ ಚೆನ್ನಾಗಿ ಹೊಂದುತ್ತದೆ. ಅಬ್ರಾಮನ ಕಥೆಗೆ ಮಾತ್ರ ಉಯಿಲೇ ಹತ್ತಿರ ಅನ್ನಿಸುತ್ತದೆ ನನಗೆ. ಬರೆಯುವವರು ಒಬ್ಬರು, ಪಡೆಯುವವರು ಇನ್ನೊಬ್ಬರು.

ಹೀಗೆ ಪುಕ್ಕಟೆ ಪಡೆದವರು ಏನು ಹೇಳಬೇಕು? ಅಬ್ರಾಮನ ಮೊಮ್ಮಗ ಯಾಕೋಬನನ್ನು ನೋಡಿ. ಇಪ್ಪತ್ತು ವರ್ಷ ಸೋದರಮಾವನ ಮನೆಯಲ್ಲಿ ದುಡಿದು ಊರಿಗೆ ಹೊರಟಿದ್ದಾನೆ. ಹಿಂದೆ ಇವನಿಂದ ಮೋಸಹೋದ ಅಣ್ಣ ಏಸಾವ 400 ಆಳುಗಳೊಂದಿಗೆ ಎದುರು ಬರುತ್ತಿದ್ದಾನೆ. ಆ ಹೆದರಿಕೆಯಲ್ಲಿ ಅವನು ಮಾಡುವ ಪ್ರಾರ್ಥನೆಯಲ್ಲಿ ‘ಕಾತೋನ್ತಿ’ ಅನ್ನುವ ಒಂದು ಹೀಬ್ರೂ ಪದ ಬರುತ್ತದೆ. ನೀನು ತೋರಿದ ದಯೆಯ ಮುಂದೆ ನಾನು ತೀರಾ ಚಿಕ್ಕವನು ಅಂತ. ಹೋಗುವಾಗ ಕೈಯಲ್ಲಿ ಒಂದು ಕೋಲಿತ್ತು, ಈಗ ನನ್ನದು ಎರಡು ಪಾಳೆಯ ಅನ್ನುತ್ತಾನೆ. ಹಾಗಂತ ಸುಮ್ಮನಾಗುವುದಿಲ್ಲ. ನನಗೆ ಒಳ್ಳೆಯದು ಮಾಡುತ್ತೇನೆ ಅಂತ ನೀನೇ ಹೇಳಿದ್ದೆಯಲ್ಲ, ಅಣ್ಣನಿಂದ ಕಾಪಾಡು!

ಈ ವಿನಯದಲ್ಲಿ ಹಲ್ಲುಗಿಂಜುವುದಿಲ್ಲ. ನನ್ನ ಯೋಗ್ಯತೆಯಿಂದ ಕೇಳುತ್ತಿಲ್ಲ, ನಿನ್ನ ಮಾತಿನ ಮೇಲೆ ಕೇಳುತ್ತಿದ್ದೇನೆ ಅನ್ನುವ ಧೈರ್ಯ ಅದು. ಅಬ್ರಹಾಮನೂ ‘ನಾನು ಮಣ್ಣು, ಬೂದಿ’ ಅಂದದ್ದು ದೇವರು ನಾಶಮಾಡಲು ಹೊರಟಿದ್ದ ಸೊದೋಮ್ ಊರಿನ ಪರವಾಗಿ ಚೌಕಾಸಿ ಮಾಡುವಾಗಲೇ. 50 ನೀತಿವಂತರಿದ್ದರೆ ಊರು ಉಳಿಸುತ್ತೀಯಾ ಅಂತ ಶುರುಮಾಡಿ 10ಕ್ಕೆ ಇಳಿಸಿದ.

ಇಸ್ರಾಯೇಲರ ಅರಸ ದಾವೀದನ ಕಥೆಯಲ್ಲಿ ಒಂದು ಮಾತಿನಾಟವಿದೆ. ನಾನು ದೇವದಾರು ಮರದ ಮನೆಯಲ್ಲಿದ್ದೇನೆ, ದೇವರ ಮಂಜೂಷ (ಪವಿತ್ರ ಪೆಟ್ಟಿಗೆ) ಗುಡಾರದಲ್ಲಿದೆ, ಒಂದು ಮನೆ ಕಟ್ಟಿಸೋಣ ಅಂತ ಅರಸನಿಗೆ ಆಸೆ. ದೇವರು ಪ್ರವಾದಿ ನಾತಾನನ ಬಾಯಲ್ಲಿ ಹೇಳಿಸುತ್ತಾನೆ: ನೀನು ನನಗಲ್ಲ, ನಾನೇ ನಿನಗೆ ಮನೆ ಕಟ್ಟುತ್ತೇನೆ. ಹೀಬ್ರೂವಿನ ‘ಬಯಿತ್’ ಕಟ್ಟಡವೂ ಹೌದು, ವಂಶವೂ ಹೌದು. ಕನ್ನಡದ ‘ಮನೆ’ಗೂ ಎರಡೂ ಅರ್ಥ ಇರುವುದರಿಂದ ನಮಗೆ ಟಿಪ್ಪಣಿಯೇ ಬೇಕಿಲ್ಲ! ದಾವೀದ ಒಳಗೆ ಹೋಗಿ ದೇವರ ಮುಂದೆ ಕೂರುತ್ತಾನೆ. ನಾನು ಎಷ್ಟರವನು, ನನ್ನ ಮನೆ ಎಷ್ಟರದು ಅನ್ನುತ್ತಾನೆ. ಆಮೇಲೆ ಅದೇ ಯಾಕೋಬನ ವರಸೆ: ಹೇಳಿದಂತೆ ಮಾಡು.

ಹೊಸ ಒಡಂಬಡಿಕೆಯ ಲೂಕನ ಸುವಾರ್ತೆಯಲ್ಲಿ, ದಾವೀದನಿಗೆ ಕೊಟ್ಟ ಇದೇ ಮಾತು ನಜರೇತಿನ ಹುಡುಗಿ, ಯೇಸುವಿನ ತಾಯಿಯಾಗಲಿರುವ ಮರಿಯಳ ಮನೆಗೆ ಬರುತ್ತದೆ. ನಿನ್ನ ಮಗನಿಗೆ ದಾವೀದನ ಸಿಂಹಾಸನ ಸಿಗುತ್ತದೆ ಅನ್ನುತ್ತಾನೆ ದೇವದೂತ. ಅದು ಹೇಗೆ ಅಂತ ಅವಳು ಕೇಳುತ್ತಾಳೆ. ಉತ್ತರ ಕೇಳಿ, ನಾನು ದೇವರ ದಾಸಿ, ನಿನ್ನ ಮಾತಿನಂತೆ ಆಗಲಿ ಅನ್ನುತ್ತಾಳೆ. ಆಮೇಲೆ ಅವಳು ಹಾಡುವ ಹಾಡಿನ ಕೊನೆಯಲ್ಲಿ, ನಮ್ಮ ಹಿರಿಯರಿಗೆ ದೇವರು ಮಾತು ಕೊಟ್ಟದ್ದನ್ನು ನೆನೆಯುವಾಗ, ಅಬ್ರಹಾಮನ ಹೆಸರು ಬರುತ್ತದೆ.