ವೈಫೈ ಕಡ್ಡಿ ಫುಲ್ ಇದೆ, ಆದರೆ ನೆಟ್ ಇಲ್ಲ. ಯಾಕೆ?

ಪ್ರಶ್ನೆ: ನಮ್ಮದು ಕಾರಟಗಿ ಹತ್ತಿರ ರೈಸ್ ಮಿಲ್. ಆಫೀಸಿನಲ್ಲಿ ಫೈಬರ್ ನೆಟ್ ಇದೆ. ಅಲ್ಲಿಂದ ಸುಮಾರು 350 ಮೀಟರ್ ದೂರದ ಗೋಡೌನಿಗೆ ವೈರ್‌ಲೆಸ್ ಬ್ರಿಡ್ಜ್ (ಎರಡು ಕಟ್ಟಡಗಳ ಮೇಲೆ ಎದುರು ಬದುರು ಕಟ್ಟಿ, ತಂತಿಯಿಲ್ಲದೆ ನೆಟ್ ದಾಟಿಸುವ ಜೋಡಿ ಡಬ್ಬಿ) ಹಾಕಿಸಿದ್ದೇವೆ. ಗೋಡೌನಿನಲ್ಲಿ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ), ಕ್ಯಾಮೆರಾಗಳು, ವೇಬ್ರಿಜ್ ಕಂಪ್ಯೂಟರ್ ಇವೆ. ದಿನಕ್ಕೆ ನಾಲ್ಕೈದು ಸಲ ನೆಟ್ ಹೋಗುತ್ತದೆ. ಆಗಲೂ ಮೊಬೈಲಿನಲ್ಲಿ ವೈಫೈ ಕಡ್ಡಿ ಫುಲ್ ಇರುತ್ತದೆ, ಡಬ್ಬಿಗಳ ಲೈಟೂ ಉರಿಯುತ್ತಿರುತ್ತದೆ. ಎಲ್ಲ ಆಫ್ ಮಾಡಿ ಆನ್ ಮಾಡಿದರೆ ಬರುತ್ತದೆ, ಮತ್ತೆ ಹೋಗುತ್ತದೆ. ಇನ್ನೊಂದು ಆಕ್ಸೆಸ್ ಪಾಯಿಂಟ್ ಹಾಕಿದರೆ ಸರಿ ಹೋಗುತ್ತಾ?

ಉತ್ತರ: ಹೋಗಲ್ಲ. ರೊಕ್ಕ ಸುಮ್ನೆ ದಂಡ. ಮೊಬೈಲಿನ ಕಡ್ಡಿ ಹೇಳುವುದು ಒಂದೇ ಮಾತು: ನಿಮ್ಮ ಮೊಬೈಲಿಗೂ ಗೋಡೆಯ ಮೇಲಿನ ಆಕ್ಸೆಸ್ ಪಾಯಿಂಟಿಗೂ ನಡುವಿನ ಸಿಗ್ನಲ್ ಚೆನ್ನಾಗಿದೆ ಅಂತ. ಅದರ ಹಿಂದೆ ನೆಟ್ ಬರುತ್ತಿದೆಯೋ ಇಲ್ಲವೋ ಕಡ್ಡಿಗೆ ಗೊತ್ತಿಲ್ಲ. ಹಿಂದಿನ ಕೇಬಲ್ ಕಿತ್ತು ಹಾಕಿದರೂ ಬಹಳಷ್ಟು ಆಕ್ಸೆಸ್ ಪಾಯಿಂಟ್‌ಗಳು ತಮ್ಮ ಹೆಸರನ್ನು ಹಾಗೇ ತೋರಿಸುತ್ತಾ ಕೂತಿರುತ್ತವೆ. ಡಬ್ಬಿಯ ಪವರ್ ಲೈಟೂ ಅಷ್ಟೇ. ಕರೆಂಟ್ ಇದೆ ಅನ್ನುತ್ತದೆ, ಅದಕ್ಕಿಂತ ಜಾಸ್ತಿ ಏನೂ ಹೇಳಲ್ಲ.

ಟೇಲ್ ಎಂಡ್ ಹೊಲಕ್ಕೆ ನೀರು ಬರದಿದ್ದರೆ ಕಾಲುವೆ ಗುಂಟ ಮೇಲಿನಿಂದ ಒಂದೊಂದೇ ತೂಬು ನೋಡುತ್ತಾ ಬರುತ್ತೀರಿ, ಅಲ್ವಾ? ಇಲ್ಲೂ ಹಾಗೇ ಮಾಡಬೇಕು. ಆಫೀಸಿನ ರೂಟರ್, ಆಫೀಸ್ ಮೇಲಿನ ಬ್ರಿಡ್ಜ್, ಗೋಡೌನ್ ಮೇಲಿನ ಬ್ರಿಡ್ಜ್, ಆಮೇಲೆ ಆಕ್ಸೆಸ್ ಪಾಯಿಂಟ್. ಈ ನಾಲ್ಕಕ್ಕೂ ಒಂದೊಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಗುರುತಿಸುವ ನಂಬರ್, ಇರುತ್ತದೆ. ಹಾಕಿಕೊಟ್ಟ ಹುಡುಗನನ್ನು ಕೇಳಿ, ಪಾಸ್‌ವರ್ಡ್ ಸಮೇತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಈ ಚೀಟಿ ಇಲ್ಲದೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದಂತೆ.

ನೆಟ್ ಹೋದಾಗ ಏನನ್ನೂ ರೀಸ್ಟಾರ್ಟ್ ಮಾಡಬೇಡಿ. ಮಾಡಿದರೆ ತಪ್ಪು ಎಲ್ಲಿತ್ತು ಅನ್ನುವ ಗುರುತೂ ಅಳಿಸಿ ಹೋಗುತ್ತದೆ. ಆಫೀಸಿನ ಕಂಪ್ಯೂಟರಿನಿಂದ ನಾಲ್ಕಕ್ಕೂ ಅದೇ ಕ್ರಮದಲ್ಲಿ ಪಿಂಗ್ ಕೊಡಿ. ಪಿಂಗ್ ಅಂದರೆ ಆ ಐಪಿಯನ್ನು ‘ಇದ್ದೀಯಾ?’ ಅಂತ ಕೇಳುವ ಕಮಾಂಡ್. ಯಾವುದು ಮೊದಲು ಉತ್ತರ ಕೊಡುವುದಿಲ್ಲವೋ, ತೊಂದರೆ ಅದರಲ್ಲಿದೆ ಅಥವಾ ಅದಕ್ಕೂ ಹಿಂದಿನದಕ್ಕೂ ನಡುವೆ ಇದೆ. ನಾಲ್ಕೂ ಉತ್ತರ ಕೊಟ್ಟರೆ ಹೊರಗಿನ ಇಂಟರ್‌ನೆಟ್ಟಿನಲ್ಲಿರುವ ಗೂಗಲ್ ವಿಳಾಸ 8.8.8.8ಗೆ ಪಿಂಗ್ ಕೊಡಿ. ಅದು ಮಾತ್ರ ಬರದಿದ್ದರೆ ನಿಮ್ಮ ಬ್ರಿಡ್ಜ್ ಸರಿಯಿದೆ, ಫೈಬರ್ ಕಂಪನಿಗೆ ಫೋನ್ ಮಾಡಿ. ಕ್ಯಾಮೆರಾ ರೆಕಾರ್ಡರ್ ಆಫೀಸಿನಲ್ಲಿದ್ದರೆ ಇನ್ನೂ ಸುಲಭ. ನೆಟ್ ಹೋದ ಹೊತ್ತಿನಲ್ಲೂ ಗೋಡೌನಿನ ಚಿತ್ರ ಓಡುತ್ತಿದ್ದರೆ ಬ್ರಿಡ್ಜ್ ಮೇಲೆ ಅನುಮಾನ ಬೇಡ.

ನಿಮ್ಮ ವಿವರ ನೋಡಿದರೆ ಮೂರನೆಯದು, ಅಂದರೆ ಗೋಡೌನ್ ಬ್ರಿಡ್ಜ್, ಉತ್ತರ ಕೊಡುವುದಿಲ್ಲ ಅಂತ ನನ್ನ ಅಂದಾಜು. ಹಾಗಿದ್ದರೆ ಕರೆಂಟಿನ ಕಾಟವೋ ಸಿಗ್ನಲ್ಲಿನ ಕಾಟವೋ ಅನ್ನುವುದನ್ನು ಮೊದಲು ಬೇರೆ ಮಾಡಿಕೊಳ್ಳಬೇಕು. ಅದಕ್ಕೆ ಏಣಿ ಹತ್ತಬೇಕಿಲ್ಲ. ಲಿಂಕ್ ತಾನಾಗಿ ವಾಪಸ್ ಬಂದ ಕೂಡಲೇ ಬ್ರೌಸರಿನಲ್ಲಿ ಚೀಟಿಯ ಐಪಿ ಹಾಕಿ ಎರಡೂ ಬ್ರಿಡ್ಜ್‌ಗಳ ಸ್ಟೇಟಸ್ ಪುಟ ತೆರೆಯಿರಿ. ಅಲ್ಲಿ ‘ಅಪ್‌ಟೈಮ್’ ಅಂತ ಇರುತ್ತದೆ, ಡಬ್ಬಿ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಅನ್ನುವ ಲೆಕ್ಕ. ‘5 ನಿಮಿಷ’ ಅಂತಿದ್ದರೆ ಅದು ಆಫ್ ಆಗಿ ಆನ್ ಆಗಿದೆ, ಕರೆಂಟ್ ಮತ್ತು ಕೇಬಲ್ ಕಡೆ ನೋಡಿ. ‘12 ದಿನ’ ಅಂತಿದ್ದು, ಲಿಂಕ್ ಮಾತ್ರ 5 ನಿಮಿಷದ ಹಿಂದೆ ಕೂಡಿಕೊಂಡಿದ್ದರೆ ತೊಂದರೆ ಗಾಳಿಯಲ್ಲಿದೆ. ಇಷ್ಟು ಸರಳ ಗುರುತನ್ನು ರಿಪೇರಿಗೆ ಬರುವ ಬಹಳ ಜನ ನೋಡುವುದೇ ಇಲ್ಲ, ನೇರವಾಗಿ ಹೊಸ ಡಬ್ಬಿಯ ರೇಟ್ ಹೇಳುತ್ತಾರೆ.

ಮಿಲ್ಲುಗಳಲ್ಲಿ ನನ್ನ ಮೊದಲ ಅನುಮಾನ ಕರೆಂಟಿನ ಮೇಲೇ. ದೊಡ್ಡ ಮೋಟಾರ್ ಶುರುವಾಗುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಟ್ಯೂಬ್‌ಲೈಟ್ ಒಮ್ಮೆ ಮಿಣುಕಿದರೆ ಸಾಕು, ಬ್ರಿಡ್ಜ್ ರೀಬೂಟ್ ಆಗಿರಬಹುದು. ನೆಟ್ ಹೋಗುವ ಹೊತ್ತನ್ನು ಮೋಟಾರ್ ಹಾಕುವ ಹೊತ್ತಿನ ಜೊತೆ ತಾಳೆ ನೋಡಿ. ಎರಡೂ ಕಡೆಯ ಅಡಾಪ್ಟರುಗಳನ್ನು ಸಣ್ಣ ಯುಪಿಎಸ್ ಮೇಲೆ ಹಾಕಿ. ಗೋಡೌನಿನ ಅಡಾಪ್ಟರನ್ನು ಮುಚ್ಚಿದ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಹೊರಗೆ ತೆಗೆಯಿರಿ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ತಗಡಿನ ಪೆಟ್ಟಿಗೆಯೊಳಗೆ ಎಷ್ಟು ಕಾಯುತ್ತದೆ ಅಂತ ಕೈ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಅಡಾಪ್ಟರಿನಿಂದ ಮೇಲಿನ ಬ್ರಿಡ್ಜ್‌ಗೆ ಹೋಗುವ ಕೇಬಲ್ಲಿನಲ್ಲೇ ಡೇಟಾನೂ ಕರೆಂಟೂ ಎರಡೂ ಹೋಗುತ್ತವೆ. ಇದಕ್ಕೆ ಪಿಒಇ ಅನ್ನುತ್ತಾರೆ. ಅಗ್ಗದ ಬ್ರಿಡ್ಜ್‌ಗಳಲ್ಲಿ ಇದು ಹೆಚ್ಚಾಗಿ 24 ವೋಲ್ಟ್. ಇಲ್ಲಿ ಕೇಬಲ್ ಯಾವುದು ಅನ್ನುವುದು ಮುಖ್ಯ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಎಷ್ಟೋ ಸಲ ಪೂರ್ತಿ ತಾಮ್ರ ಇರಲ್ಲ, ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟಿರುತ್ತಾರೆ. ಚಾಕುವಿನಿಂದ ತಂತಿ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಇಂಥ ಕೇಬಲ್ 50, 60 ಮೀಟರ್ ಎಳೆದರೆ ತುದಿಗೆ ಮುಟ್ಟುವ ವೋಲ್ಟೇಜ್ ಇಳಿಯುತ್ತದೆ. ಬ್ರಿಡ್ಜ್ ಸುಮ್ಮನೆ ಇದ್ದಾಗ ನಡೆಯುತ್ತದೆ, ಕ್ಯಾಮೆರಾ ಹೊರೆ ಬಿದ್ದಾಗ ಸಾಯುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಕೊಂಚ ಹೊತ್ತು ಓಡುತ್ತದೆ.

ಹಾಗೇ ಮೇಲಿನ ಕನೆಕ್ಟರ್ ಬಿಚ್ಚಿ ನೋಡಿ. ಎಂಟು ಪಿನ್ನುಗಳಲ್ಲಿ ಒಂದೆರಡು ಹಸಿರು ಅಥವಾ ಕಪ್ಪು ಹಿಡಿದಿದ್ದರೆ ಒಳಗೆ ನೀರು ಇಳಿದಿದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಕೇಬಲ್ ಡಬ್ಬಿಗೆ ಹೋಗುವ ಮುಂಚೆ ಕೆಳಗೆ ಒಂದು ಬಾಗು ಬಿಡಿ. ಮಳೆನೀರು ಆ ಬಾಗಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಸ್ಟೇಟಸ್ ಪುಟದಲ್ಲಿ ಲ್ಯಾನ್ (ಕೇಬಲ್ ಕಡೆಯ) ವೇಗ 100 ಅಥವಾ 1000 ಇರುವ ಕಡೆ 10 ತೋರಿಸಿದರೆ ಅದೂ ಕೇಬಲ್ಲಿನ ದೂರೇ.

ಅಪ್‌ಟೈಮ್ ಸರಿಯಿದ್ದರೆ ಸಿಗ್ನಲ್ ಸಂಖ್ಯೆ ನೋಡಿ. ಅದು ಮೈನಸ್‌ನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 350 ಮೀಟರಿಗೆ, ಎದುರು ಬದುರು ಸರಿಯಾಗಿ ಕಟ್ಟಿದ್ದರೆ, -50ರಿಂದ -60 ಬರಬೇಕು. -75 ತೋರಿಸುತ್ತಿದ್ದರೆ ಏನೋ ಅಡ್ಡ ಇದೆ, ಇಲ್ಲವೇ ಕಂಬ ತಿರುಗಿದೆ. 10 ಅಂಕ ಇಳಿದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಿಗೆ ಇಳಿದಂತೆ. ತಗಡಿನ ಮಾಡಿಗೆ ಒಂದೇ ಕ್ಲಾಂಪಿನಲ್ಲಿ ಬಿಗಿದ ಪೈಪ್ ಗಾಳಿಗೆ ಮೆಲ್ಲಗೆ ತಿರುಗುತ್ತದೆ, ಯಾರಿಗೂ ಗೊತ್ತಾಗಲ್ಲ.

‘ಮಳೆ ಬಂದರೆ ಸಿಗ್ನಲ್ ಹೋಗುತ್ತದೆ’ ಅನ್ನುವವರು ಬಹಳ. 5 ಗಿಗಾಹರ್ಟ್ಸ್ ಬ್ರಿಡ್ಜ್‌ಗೆ 350 ಮೀಟರಿನಲ್ಲಿ ಮಳೆ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರುವುದು ತೊಯ್ದ ಎಲೆ. ನಡುವೆ ಬೇವಿನ ಮರ ಇದೆಯಾ ನೋಡಿ. ಎಲೆ ಉದುರಿದ ಕಾಲದಲ್ಲಿ ಬ್ರಿಡ್ಜ್ ಕಟ್ಟಿಸಿದವರಿಗೆ ಯುಗಾದಿ ಕಳೆದು ಮರ ತುಂಬಿಕೊಂಡ ಮೇಲೆ ಕಾಟ ಶುರುವಾಗುತ್ತದೆ. ಇನ್ನೊಂದು ಅಡ್ಡ ಲಾರಿ. ಸುಗ್ಗಿಯಲ್ಲಿ ಚೀಲ ಹೇರಿದ ಲಾರಿಗಳು ಸಾಲಾಗಿ ನಿಂತರೆ ತಗ್ಗಿನಲ್ಲಿ ಕಟ್ಟಿದ ಬ್ರಿಡ್ಜ್‌ಗೆ ಅದೇ ಗೋಡೆ. ‘ಆ ಕಡೆ ಕಾಣುತ್ತೆ’ ಅಂದರೆ ಸಾಲದು. ಕಣ್ಣಿನ ಗೆರೆಯ ಸುತ್ತ ಒಂದಿಷ್ಟು ಜಾಗ ಖಾಲಿ ಇರಬೇಕು. ನಿಮ್ಮ ದೂರಕ್ಕೆ ನಡುಮಧ್ಯದಲ್ಲಿ ಸುತ್ತಲೂ ಸುಮಾರು 2 ಮೀಟರ್ ಬಿಟ್ಟರೆ ಒಳ್ಳೆಯದು. ಪೈಪ್ ಎತ್ತರಿಸಿ, ಇಲ್ಲವೇ ಕೊಂಬೆ ಸವರಿಸಿ.

ಸಿಗ್ನಲ್ ಚೆನ್ನಾಗಿದ್ದೂ ಲಿಂಕ್ ಬೀಳುತ್ತಿದ್ದರೆ ಚಾನೆಲ್, ಅಂದರೆ ಬ್ರಿಡ್ಜ್‌ಗಳು ಮಾತಾಡುವ ತರಂಗದ ಪಟ್ಟಿ, ಯಾವುದು ಅಂತ ನೋಡಿ. 2018ರಲ್ಲಿ ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. ಆದರೆ 52ರಿಂದ 144ರವರೆಗಿನ ಚಾನೆಲ್‌ಗಳು ರೇಡಾರುಗಳದ್ದೂ ಹೌದು. ಅಲ್ಲಿ ರೇಡಾರ್ ಸಿಕ್ಕಂತೆ ಅನಿಸಿದರೆ ಬ್ರಿಡ್ಜ್ ಆ ಚಾನೆಲ್ ಬಿಟ್ಟು ಓಡಬೇಕು, ಅರ್ಧ ಗಂಟೆ ವಾಪಸ್ ಬರುವ ಹಾಗಿಲ್ಲ. ಹೊಸ ಚಾನೆಲ್ಲೂ ಇದೇ ಸಾಲಿನದಾದರೆ ಮಾತಾಡುವ ಮುಂಚೆ ಕನಿಷ್ಠ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಬೇಕು. ಆ ಒಂದು ನಿಮಿಷ ಕಾಯದೆ ಮತ್ತೆ ಆಫ್ ಮಾಡಿದರೆ ಎಣಿಕೆ ಮೊದಲಿನಿಂದ ಶುರು. 36ರಿಂದ 48ರ ಒಳಗೆ ಅಥವಾ 149ರ ಮೇಲೆ ಇಟ್ಟರೆ ಸಾಮಾನ್ಯವಾಗಿ ಈ ತಲೆನೋವಿಲ್ಲ. ಅಲ್ಲಿ ಊರಿನ ಬೇರೆ ಬ್ರಿಡ್ಜ್‌ಗಳ ಗದ್ದಲ ಇರಬಹುದು, ಸ್ಕ್ಯಾನ್ ಮಾಡಿ ಖಾಲಿ ಇರುವುದನ್ನು ಆರಿಸಿ. ಚಾನೆಲ್ಲಿನ ಅಗಲವನ್ನು 80ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ. ಕ್ಯಾಮೆರಾಗಳಿಗೂ ಬಿಲ್ಲಿಂಗಿಗೂ ಅಷ್ಟು ಧಾರಾಳ ಸಾಕು.

ಬ್ರಿಡ್ಜ್ ಉತ್ತರ ಕೊಟ್ಟು ಕೆಲವರ ಮೊಬೈಲಿಗೆ ಮಾತ್ರ ನೆಟ್ ಬರದಿದ್ದರೆ ಅದು ಬೇರೆ ಕಥೆ. ಯಾರೋ ಮನೆಯ ಹಳೇ ರೂಟರ್ ತಂದು ಆಕ್ಸೆಸ್ ಪಾಯಿಂಟ್ ಅಂತ ಸಿಕ್ಕಿಸಿರುತ್ತಾರೆ. ಅದೂ ಐಪಿ ಹಂಚುತ್ತದೆ, ಆಫೀಸಿನ ರೂಟರೂ ಹಂಚುತ್ತದೆ, ತಪ್ಪು ಕಡೆಯಿಂದ ಸಿಕ್ಕವರಿಗೆ ನೆಟ್ ಬರಲ್ಲ. ಹಳೆಯದರಲ್ಲಿ ಡಿಎಚ್‌ಸಿಪಿ (ಐಪಿ ಹಂಚುವ ಕೆಲಸ) ಆಫ್ ಮಾಡಿ, ಅದರ ವಿಳಾಸ ಬದಲಿಸಿ, ಕೇಬಲನ್ನು ವ್ಯಾನ್ ತೂತಿಗಲ್ಲ, ಲ್ಯಾನ್ ತೂತಿಗೆ ಹಾಕಿ. ಕಂಪ್ಯೂಟರಿನಲ್ಲಿ 169.254ರಿಂದ ಶುರುವಾಗುವ ವಿಳಾಸ ಕಂಡರೆ ಅದಕ್ಕೆ ಯಾರೂ ಐಪಿ ಕೊಟ್ಟಿಲ್ಲ ಅಂತ ಅರ್ಥ.

ಇನ್ನೊಂದು ಆಕ್ಸೆಸ್ ಪಾಯಿಂಟ್ ಬೇಕಾಗುವುದು ಗೋಡೌನಿನ ಮೂಲೆಯಲ್ಲಿ ಕಡ್ಡಿಯೇ ಕಾಣದಿದ್ದಾಗ ಮಾತ್ರ. ನಡುವಿನ ಜಾಗ ಪೂರ್ತಿ ನಿಮ್ಮದೇ ಆಗಿದ್ದು, ಹೇಗೂ ಖರ್ಚು ಮಾಡಬೇಕು ಅಂತಿದ್ದರೆ ಫೈಬರ್ ಎಳೆಸಿ. ತಾಮ್ರದ ಲ್ಯಾನ್ ಕೇಬಲ್ 100 ಮೀಟರಿಗೇ ಮುಗಿಯುತ್ತದೆ, ಫೈಬರಿಗೆ 350 ಮೀಟರ್ ದೂರವೇ ಅಲ್ಲ. ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಕೂಡಿಸುವ ಡಬ್ಬಿ) ಬೇಕು. ಮಿಲ್ ಅಂಗಳದಲ್ಲಿ ಲಾರಿ ಓಡಾಡುತ್ತವೆ, ಹಾಗಾಗಿ ಗಟ್ಟಿ ಪೈಪಿನೊಳಗೆ ಹಾಕಿ ಆಳದಲ್ಲಿ ಹೂಳಿಸಿ. ಲೋಹದ ತಂತಿ ಇಲ್ಲದ ಫೈಬರ್ ಕೇಳಿ ತೆಗೆದುಕೊಂಡರೆ ಸಿಡಿಲಿನ ಹೊಡೆತ ಅದರ ಗುಂಟ ಈ ಕಟ್ಟಡದಿಂದ ಆ ಕಟ್ಟಡಕ್ಕೆ ಹರಿಯುವುದಿಲ್ಲ. ಹಳೇ ಬ್ರಿಡ್ಜನ್ನು ಬಿಚ್ಚಿ ಒಳಗಿಡಿ. ಫೈಬರ್ ಮತ್ತು ಬ್ರಿಡ್ಜ್ ಎರಡನ್ನೂ ಒಟ್ಟಿಗೆ ಸಿಕ್ಕಿಸಿದರೆ, ಸಾದಾ ನೆಟ್‌ವರ್ಕ್ ಸ್ವಿಚ್ ಇರುವ ಕಡೆ ಡೇಟಾ ಸುತ್ತು ಹೊಡೆದು ಇಡೀ ಮಿಲ್ಲಿನ ನೆಟ್ ನಿಂತುಬಿಡುತ್ತದೆ.