ದೊಡ್ಡ ಹಡಗು ದೊಡ್ಡದಾಗಿ ಕಾಣಬೇಕಾದರೆ

ಡ್ರೋನ್ ಕೈಗೆ ಬಂದವರೆಲ್ಲ ಮೊದಲು ಮಾಡುವುದು ಹಡಗಿನ ನೆತ್ತಿಯ ಮೇಲೆ ಅದನ್ನು ಒಯ್ದು ನಿಲ್ಲಿಸುವುದು. ಇನ್ನೂರು ಮೀಟರ್ ಉದ್ದದ ಸರಕು ಹಡಗು ಅಲ್ಲಿಂದ ಮಕ್ಕಳ ಆಟಿಕೆಯ ಹಾಗೆ ಕಾಣುತ್ತದೆ. ಹೆಚ್ಚು ಹತ್ತಿರ ಹೋದರೂ ಅದೇ ಪಾಡು. ಅಗಲ ನೋಟದ ಲೆನ್ಸಿನಲ್ಲಿ ಹಡಗಿನ ಮೂತಿ ಉಬ್ಬಿಕೊಂಡು, ಹಿಂಭಾಗ ಕುಗ್ಗಿಹೋಗುತ್ತದೆ. ಈ ಕೆಲಸದಲ್ಲಿ ನಾನು ನಂಬಿರುವುದು ದೂರವನ್ನು. ಒಳ್ಳೆಯ ಚಿತ್ರವೂ ಸುರಕ್ಷತೆಯೂ ಅಲ್ಲೇ ಸಿಗುತ್ತವೆ.

ಲೆಕ್ಕ ನೋಡಿ. ಇನ್ನೂರು ಮೀಟರಿನ ಹಡಗು 24 ಮಿ.ಮೀ.ನ ಅಂಥ ಲೆನ್ಸಿನಲ್ಲಿ ಸುಮಾರು 130 ಮೀಟರ್ ದೂರದಿಂದಲೇ ಚೌಕಟ್ಟನ್ನು ತುಂಬಿಬಿಡುತ್ತದೆ. ದೂರದ್ದನ್ನು ಹತ್ತಿರ ತೋರುವ 70 ಮಿ.ಮೀ.ನ ಉದ್ದ ಲೆನ್ಸಾದರೆ ಹತ್ತಿರ ಹತ್ತಿರ 400 ಮೀಟರ್ ಹಿಂದೆ ಸರಿಯಬೇಕು. ಹಾಗೆ ಸರಿದಾಗ ಹಿನ್ನೆಲೆಯ ದಡ, ಗುಡ್ಡ, ಕ್ರೇನುಗಳೆಲ್ಲ ಹಡಗಿನ ಬೆನ್ನಿಗೆ ಬಂದು ನಿಂತಂತಾಗಿ, ಅದರ ಎತ್ತರ ತಾನಾಗಿಯೇ ಎದ್ದು ಕಾಣುತ್ತದೆ. ಡ್ರೋನನ್ನು ಡೆಕ್ಕಿನ ಮಟ್ಟಕ್ಕಿಂತ ಕೊಂಚ ಕೆಳಗೇ ಇಡಿ. ನೋಡುಗ ತಲೆ ಎತ್ತಿ ನೋಡುವಂತಿರಬೇಕು.

ಗಾತ್ರ ತಿಳಿಯಲು ಪಕ್ಕದಲ್ಲಿ ಚಿಕ್ಕದೊಂದು ಬೇಕೇ ಬೇಕು. ನವಮಂಗಳೂರು ಬಂದರಿನಂಥ ಜಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ಪಣಂಬೂರಿನ ಈ ಬಂದರು ದಡದ ನೆಲವನ್ನೇ ಅಗೆದು ಮಾಡಿದ್ದು. ಎರಡು ಕಲ್ಲಿನ ತಡೆಗೋಡೆಗಳ ನಡುವೆ ಹಾದು ಹಡಗು ಒಳಗೆ ಬರುತ್ತದೆ. ಹಡಗನ್ನು ಎಳೆಯುವ, ತಳ್ಳುವ ಟಗ್ ಬೋಟುಗಳು ಪಕ್ಕಕ್ಕೆ ಬರುವುದು, ಮೂತಿಯ ಬಳಿ ಹಗ್ಗ ಹಿಡಿದು ನಿಂತ ಕಿತ್ತಳೆ ಬಣ್ಣದ ಸಮವಸ್ತ್ರದವರು, ಆಚೆ ಮೀನುಗಾರರ ದೋಣಿ, ಇವೆಲ್ಲ ಅಳತೆಗೋಲುಗಳೇ. ಹಡಗಿನ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಂಕಿಗಳನ್ನು ಗಮನಿಸಿ. ಹಡಗು ಎಷ್ಟು ಮುಳುಗಿದೆ ಎಂದು ಹೇಳುವ ಅಂಕಿಗಳವು, ಒಂದೊಂದೂ ಹತ್ತು ಸೆಂಟಿಮೀಟರ್ ಎತ್ತರ. ಕಲ್ಲಿದ್ದಲು ಇಳಿಸಿ ಹಗುರಾದ ಹಡಗಿನಲ್ಲಿ ಆ ಸಾಲಿನ ಹೆಚ್ಚಿನ ಭಾಗ ನೀರಿನಿಂದ ಮೇಲೆದ್ದು, ಕೆಳಗಿನ ಕೆಂಪು ಬಣ್ಣವೂ ಮೂತಿಯ ಬುಡದ ಗಡ್ಡೆಯಂಥ ಉಬ್ಬೂ ಬಯಲಾಗುತ್ತವೆ. ಹಡಗನ್ನು ತುಂಬಿರುವಾಗ ತೆಗೆಯುವುದಕ್ಕಿಂತ ಖಾಲಿಯಿರುವಾಗ ತೆಗೆಯುವುದೇ ನನಗೆ ಇಷ್ಟ.

ಇನ್ನು ಪೈಲಟ್, ಅಂದರೆ ಹಡಗಿಗೆ ಬಂದರಿನ ದಾರಿ ತೋರಿಸುವವರು, ಹಡಗು ಹತ್ತುವ ಗಳಿಗೆ. ಪೈಲಟ್ ಬೋಟು ಹಡಗಿನ ಪಕ್ಕೆಗೆ ತಾಗಿಕೊಂಡು ಅದೇ ವೇಗದಲ್ಲಿ ಓಡುತ್ತದೆ. ಅಲೆ ಏರಿದಾಗ ಬೋಟೂ ಏರುತ್ತದೆ. ಅದು ತುದಿ ಮುಟ್ಟಿದ ಕ್ಷಣದಲ್ಲಿ ಪೈಲಟ್ ಹಗ್ಗದ ಏಣಿಗೆ ಕೈ ಹಾಕಿ ಕಾಲೆತ್ತುತ್ತಾರೆ. ನೀರಿನಿಂದ ಹತ್ತುವ ಎತ್ತರ ಒಂಬತ್ತು ಮೀಟರ್ ದಾಟಿದರೆ ಬರೀ ಹಗ್ಗದ ಏಣಿ ಸಾಲದು, ಹಡಗಿನ ಓರೆ ಮೆಟ್ಟಿಲನ್ನೂ ಇಳಿಬಿಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಉಕ್ಕಿನ ಆ ಗೋಡೆಯ ಮೇಲೆ ಒಬ್ಬ ಮನುಷ್ಯ ಏರುವ ದೃಶ್ಯಕ್ಕಿಂತ ಹಡಗಿನ ಗಾತ್ರವನ್ನು ಚೆನ್ನಾಗಿ ಹೇಳುವುದು ಬೇರೊಂದಿಲ್ಲ. ಆದರೆ ಆಗ ಡ್ರೋನಿನ ಸದ್ದು ಅವರ ಕಿವಿಗೆ ಬೀಳಲೇಬಾರದು. ಅವರ ಗಮನ ಅರೆಕ್ಷಣ ಚದುರಿದರೂ ಜೀವಕ್ಕೆ ಅಪಾಯ. ದೂರದಿಂದ, ಉದ್ದ ಲೆನ್ಸಿನಲ್ಲಿ ತೆಗೆಯಲಾಗದಿದ್ದರೆ ಆ ದೃಶ್ಯ ಬಿಟ್ಟುಬಿಡಿ.

ಹಾರಾಟದ ಲೆಕ್ಕ ನೆಲದ ಮೇಲಿನಂತಲ್ಲ. ಹನ್ನೆರಡು ನಾಟ್ ವೇಗದ ಹಡಗು ಗಂಟೆಗೆ 22 ಕಿ.ಮೀ. ಹೋಗುತ್ತದೆ, ಐದೇ ನಿಮಿಷದಲ್ಲಿ ಒಂದು ನಾಟಿಕಲ್ ಮೈಲು, ಅಂದರೆ 1.85 ಕಿ.ಮೀ. ದಡದಲ್ಲಿ ನಿಂತು ಬೆನ್ನಟ್ಟಿದರೆ ಡ್ರೋನ್ ಕಣ್ಣಿಗೆ ಕಾಣದಾಗುತ್ತದೆ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ. ಹೋಗುವಾಗ ಬೆನ್ನಿಗಿದ್ದು ಹಿತವೆನಿಸಿದ ಅದೇ ಗಾಳಿ ಮರಳುವಾಗ ಎದುರಾಗುತ್ತದೆ. ಆದ್ದರಿಂದ ನೀರಿನ ಮೇಲೆ ನಾನು ಬ್ಯಾಟರಿಯ ಅರ್ಧಕ್ಕೇ ಹಿಂತಿರುಗುತ್ತೇನೆ. ಹಡಗು ನಿಧಾನವಾಗಿ ಸಾಗುವ ಬಂದರಿನ ಕಾಲುವೆಯೇ ಚಿತ್ರೀಕರಣಕ್ಕೆ ಸರಿಯಾದ ಜಾಗ.

ಬೋಟಿನಿಂದ ಹಾರಿಸುವವರು ಒಂದನ್ನು ಮರೆಯಬಾರದು. ಸಂಪರ್ಕ ಕಡಿದರೆ ಡ್ರೋನ್ ತಾನು ಎದ್ದ ಜಾಗಕ್ಕೆ ಮರಳುತ್ತದೆ, ಬೋಟಿಗಲ್ಲ. ಬೋಟು ಮುಂದೆ ಹೋಗಿದ್ದರೆ ಅಲ್ಲಿರುವುದು ಬರೀ ನೀರು. ಹಾರಾಟದ ನಡುವೆ ಮತ್ತೆ ಮತ್ತೆ ಆ ಬಿಂದುವನ್ನು ರಿಮೋಟ್ ಇರುವ ಜಾಗಕ್ಕೆ ಬದಲಿಸುತ್ತಿರಬೇಕು. ಮರಳುವ ಎತ್ತರ ಹಡಗಿನ ಅತಿ ಎತ್ತರದ ಕಂಬಕ್ಕಿಂತ ಮೇಲಿರಲಿ. ಆ ಅಳತೆಯನ್ನು ಹಡಗಿನ ಏಜೆಂಟರನ್ನು ಕೇಳಿದರೆ ಹೇಳುತ್ತಾರೆ. ಉಕ್ಕಿನ ಡೆಕ್ಕಿನ ಮೇಲಿನಿಂದ ಹಾರಿಸಿದರೆ ದಿಕ್ಸೂಚಿ ದಾರಿ ತಪ್ಪುತ್ತದೆ. ನೀರಿಗೆ ತೀರಾ ಹತ್ತಿರ ಇಳಿಸಿದರೆ ಡ್ರೋನಿನ ಅಡಿಯ ಕ್ಯಾಮೆರಾ ಸರಿಯುವ ಅಲೆಯನ್ನೇ ನೆಲವೆಂದು ತಿಳಿದು ಅದರ ಜೊತೆ ಜಾರತೊಡಗುತ್ತದೆ. ಹತ್ತು ಮೀಟರಿಗಿಂತ ಕೆಳಗೆ ನಾನು ಇಳಿಸುವುದಿಲ್ಲ. ಹಡಗಿನ ಗಾಳಿಮರೆಯ ಬದಿಯಲ್ಲಿ ಸುಳಿಗಾಳಿ ಇರುತ್ತದೆ. ಮೂತಿ ದಾಟಿ ಹೊರಬಂದ ಕೂಡಲೇ ಪೂರ್ತಿ ಗಾಳಿ ಹೊಡೆಯುತ್ತದೆ. ಮೀನು ಬೋಟುಗಳ ಹಿಂದೆ ಬರುವ ಗರುಡ, ಹದ್ದುಗಳ ಮೇಲೆ ಕಣ್ಣಿಡಲು ಜೊತೆಗೊಬ್ಬರು ಇರಲೇಬೇಕು.

ಅನುಮತಿಯ ವಿಷಯದಲ್ಲಿ ನನಗೆ ರಾಜಿಯಿಲ್ಲ. ಪಣಂಬೂರು ಕಡಲತೀರದಲ್ಲಿ ನಿಂತರೆ ಹಡಗು ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ, ಹಾರಿಸಿಬಿಡೋಣ ಎನಿಸುತ್ತದೆ. ಬೇಡ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ ಆಕಾಶ ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಿಹೋಗಿದೆ. ಹಸಿರಿನಲ್ಲಿ 400 ಅಡಿಯವರೆಗೆ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ದೂರದ ಜಾಗವಾದರೆ 200 ಅಡಿಯವರೆಗೆ ಮಾತ್ರ ಹಾರಿಸಬಹುದು. ಹಳದಿಗೆ ವಿಮಾನ ಸಂಚಾರ ನಿಯಂತ್ರಕರ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ಬಜ್ಪೆ ವಿಮಾನ ನಿಲ್ದಾಣವೂ ದೂರವಿಲ್ಲ. ಹಾರಿಸುವ ದಿನವೇ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ಈ ವಲಯಗಳ ನಕ್ಷೆ ನೋಡಿ, ಬಂದರಿನ ಲಿಖಿತ ಒಪ್ಪಿಗೆ ಪಡೆಯಿರಿ, ಏಜೆಂಟರ ಮೂಲಕ ಕ್ಯಾಪ್ಟನ್‌ಗೂ ತಿಳಿಸಿರಿ. ಗೊತ್ತಿಲ್ಲದ ಡ್ರೋನ್ ಕಂಡರೆ ಕ್ಯಾಪ್ಟನ್ ಅದನ್ನು ಭದ್ರತೆಯ ಅಪಾಯವೆಂದೇ ವರದಿ ಮಾಡುತ್ತಾರೆ, ಮಾಡಲೂ ಬೇಕು. ಅಡುಗೆ ಅನಿಲ, ಕಚ್ಚಾ ತೈಲ ತರುವ ಹಡಗುಗಳ ಡೆಕ್ಕಿನ ಮೇಲಂತೂ ಯಾರು ಹೇಳಿದರೂ ಹಾರಿಸಬೇಡಿ. ಅಂಥ ಕಡೆ ಸಾಮಾನ್ಯ ಟಾರ್ಚನ್ನೂ ಬಿಡುವುದಿಲ್ಲ. ಲಿಥಿಯಂ ಬ್ಯಾಟರಿಯ ಯಂತ್ರ ಬಿದ್ದರೆ ಏನಾದೀತೆಂದು ಯೋಚಿಸಿ.

ಬೆಳಕಿಗೆ ಬೆಳಿಗ್ಗೆಯೇ ಲೇಸು. ಪಶ್ಚಿಮ ಕರಾವಳಿಯಲ್ಲಿ ಆಗ ಸೂರ್ಯ ನೆಲದ ಕಡೆಯಿಂದ ಬಂದು ಹಡಗಿನ ಮುಖಕ್ಕೆ ಬೀಳುತ್ತಾನೆ. ಬಿಳಿ ನೊರೆ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಕೊಂಚ ಇಳಿಸಿಕೊಳ್ಳಿ.

ಕೆಲಸ ಮುಗಿದ ಮೇಲೆ ಡ್ರೋನನ್ನು ಹಾಗೆಯೇ ಪೆಟ್ಟಿಗೆಗೆ ಹಾಕಬೇಡಿ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ರೆಕ್ಕೆ, ಮೋಟಾರಿನ ಸುತ್ತು, ಲೆನ್ಸಿನ ಅಂಚು ಒರೆಸಿ, ನೆರಳಿನಲ್ಲಿ ಆರಲು ಬಿಡಿ. ಬ್ಯಾಟರಿಯ ಲೋಹದ ಪಟ್ಟಿಗಳಲ್ಲಿ ಹಸಿರು ಕಟ್ಟಿದ್ದು ಕಂಡರೆ ನಾನು ಆ ಬ್ಯಾಟರಿಯನ್ನು ಮತ್ತೆ ನೀರಿನ ಮೇಲೆ ಒಯ್ಯುವುದಿಲ್ಲ. ಮದುವೆಯ ಚಿತ್ರೀಕರಣಕ್ಕೆ ಯಾರಾದರೂ ಕೇಳಿದರೂ ಕೊಡುವುದಿಲ್ಲ.